ನೀಲಿ ವೈರು ಕಿತ್ತವಳು ನಾನೇ

ಮೇಲಿನ ಮನೆಯ ನನ್ನ ತಂಗಿಗೆ,

ಕೆಳಗಿನ ಮನೆಯಲ್ಲಿ ಕೂತು ಮೇಲಿನ ಮನೆಗೆ ಕಾಗದ ಬರೆಯುವವರನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ನಮ್ಮಿಬ್ಬರ ನಡುವೆ ಇರುವುದು ಹದಿನಾಲ್ಕು ಮೆಟ್ಟಿಲು. ಬಾಯಲ್ಲೇ ಹೇಳಿಬಿಡೋಣ ಎಂದು ಈ ವಾರ ಮೂರು ಸಲ ಹತ್ತಿ ಬಂದೆ. ಒಂದು ಸಲ ನೀನು "ಬನ್ನಿ ಅಕ್ಕ, ಟೀ ಈಗ ಇಳಿಸಿದೆ" ಎಂದೆ, ಟೀ ಕುಡಿದು ಇಳಿದೆ. ಇನ್ನೊಂದು ಸಲ "ಅಕ್ಕ, ಮಂಡಿ ನೋವಿಟ್ಕೊಂಡು ಯಾಕೆ ಹತ್ತೋಕೆ ಹೋದ್ರಿ, ಕೂಗಿದ್ರೆ ನಾನೇ ಬರ್ತಿದ್ದೆ" ಎಂದು ನನ್ನ ಕಾಲಿಗೆ ಎಣ್ಣೆ ತಂದೆ. ಮೂರನೇ ಸಲ ಬಾಗಿಲ ಹತ್ತಿರ ನಿಂತು, ನೀನು ನೋಡುವ ಮೊದಲೇ ತಿರುಗಿ ಬಂದೆ. ನಿನ್ನ ಮುಖ ಎದುರಿಗಿದ್ದರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಕಾಗದ ಬರೆಯುವಾಗ ಮೊದಲು ಕ್ಷೇಮ ಸಮಾಚಾರ, ಆಮೇಲೆ ವಿಷಯ ಎಂದು ನಮ್ಮೂರಿನ ಮೇಷ್ಟ್ರು ಕಲಿಸಿದ್ದರು. ಹಾಗೆ ಹೊರಟರೆ ನಾನು ನಾಲ್ಕು ಹಾಳೆ ಕ್ಷೇಮವನ್ನೇ ಬರೆದು ಮಡಿಚಿಟ್ಟುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಆದ್ದರಿಂದ ವಿಷಯವನ್ನು ಮೊದಲೇ ಹೇಳುತ್ತೇನೆ.

ನಿನ್ನ ಆಸ್ಪತ್ರೆಯ ಕೆಲಸ ಹೋದದ್ದು ನೀನು ರೂಟರನ್ನು ತಪ್ಪಾಗಿ ಜೋಡಿಸಿದ್ದರಿಂದ ಅಲ್ಲ. ನೀನು ಸರಿಯಾಗಿಯೇ ಜೋಡಿಸಿದ್ದೆ. ಕೆಳಗೆ ನೀಲಿ ವೈರನ್ನು ಕಿತ್ತವಳು ನಾನು. ಒಂದು ದಿನವಲ್ಲ, ಎಷ್ಟೋ ದಿನ. ಮೊದಲ ದಿನ ತಿಳಿಯದೆ, ಆಮೇಲೆ ತಿಳಿದೂ ತಿಳಿದೂ.

ಇಷ್ಟು ಬರೆಯುವುದಕ್ಕೆ ಐದು ತಿಂಗಳು ಬೇಕಾಯಿತು. ಈಗಲೂ ಬರೆಯುತ್ತಿರಲಿಲ್ಲವೇನೋ. ಸೋಮವಾರ ಬಟ್ಟೆಯ ಬಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ನೀನು ಫೋನಿನಲ್ಲಿ ಗಂಡನಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು. ಆ ಕೆಲಸದ ಮೇಲ್ವಿಚಾರಕಿ ತಾವಾಗಿಯೇ ಕರೆ ಮಾಡಿದ್ದರು. ಮತ್ತೆ ಜನ ತೆಗೆದುಕೊಳ್ಳುತ್ತಿದ್ದೇವೆ, ನಿಮ್ಮ ಮಾತು ಕೇಳಿದ ಡಾಕ್ಟರುಗಳು ಇನ್ನೂ ನಿಮ್ಮನ್ನು ನೆನೆಸುತ್ತಾರೆ, ಶುಕ್ರವಾರ ಸಂಜೆಯೊಳಗೆ ಹೂಂ ಅಂದರೆ ಸಾಕು ಎಂದರಂತೆ. ನೀನು ಅವರಿಗೆ ಏನೆಂದೆಯಂತೆ? "ಇಲ್ಲ ಮೇಡಂ. ನನ್ನ ಕೈಲಿ ಅದು ಸರಿಯಾಗಿ ಕೂತ್ಕೊಳ್ಳಲ್ಲ. ನಾನು ಜೋಡಿಸಿದ್ದು ಕೆಟ್ಟು ಯಾರೋ ನೋವಲ್ಲಿರೋರಿಗೆ ತೊಂದ್ರೆ ಆಗೋದು ಬೇಡ. ಬೇರೆಯವರನ್ನ ನೋಡ್ಕೊಳ್ಳಿ." ಬಕೆಟ್ಟನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ಕೂತುಬಿಟ್ಟೆ. ನೀನು ಬಾಗಿಲು ತೆರೆದು "ಅಯ್ಯೋ ಅಕ್ಕ, ಸುಸ್ತಾಯ್ತಾ?" ಎಂದು ಬಕೆಟ್ ನೀನೇ ಹೊತ್ತುಕೊಂಡು ಹೋದೆ.

ಮೊದಲಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ನಿನಗೆ ಗೊತ್ತಿರುವುದು ಒಂದು ಪಕ್ಕ ಮಾತ್ರ.

ಇಂಟರ್ನೆಟ್ ತರುವ ಕೇಬಲ್ ಕಂಪನಿಯ ಆ ಹಬ್ ಎಂಬ ಪೆಟ್ಟಿಗೆ ನನ್ನ ಹಜಾರದ ಕಿಟಕಿಯ ಕೆಳಗಿನ ಸ್ಟೂಲಿನ ಮೇಲೆ ಕೂತು ಒಂಬತ್ತು ವರ್ಷವಾಯಿತು. ನಿನ್ನ ಭಾವನವರೇ ಹಾಕಿಸಿದ್ದು. ಅವರು ತೀರಿಹೋದ ಮೇಲೆ ದಿನಾ ಅದರ ಧೂಳು ಒರೆಸುವುದು ನನ್ನ ಕೆಲಸವಾಯಿತು. ಒಳಗೆ ಏನಿದೆ, ಹೇಗೆ ನಡೆಯುತ್ತದೆ, ಒಂದೂ ತಿಳಿಯದು. ಬೆಳ್ಳಗೆ ದೀಪ ಉರಿಯುತ್ತಿದ್ದರೆ ಸರಿಯಿದೆ ಎಂದರ್ಥ, ಅಷ್ಟೇ. ಅದರಿಂದ ಟೀವಿ ಬರುತ್ತಿತ್ತು. ಟೀವಿಯಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಗುರುಗಳ ಪ್ರವಚನ ನೇರವಾಗಿ ಬರುತ್ತಿತ್ತು. ಮನೆಯಲ್ಲಿ ನಾನೊಬ್ಬಳೇ, ಆದರೂ ಆ ಇಪ್ಪತ್ತು ನಿಮಿಷಕ್ಕಾಗಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ನಾಲ್ಕು ಜನರ ನಡುವೆ ಕೂತ ಹಾಗೆ ಕೂರುತ್ತಿದ್ದೆ.

ಆಮೇಲೆ ನಿನಗೆ ಆ ಕೆಲಸ ಸಿಕ್ಕಿತು. ಈ ಪರಭಾಷೆಯ ಊರಿನ ಆಸ್ಪತ್ರೆಯಲ್ಲಿ ಡಾಕ್ಟರ ಮಾತು ತಿಳಿಯದೆ ಒದ್ದಾಡುವ ನಮ್ಮ ಭಾಷೆಯವರಿಗೆ ಮನೆಯಿಂದಲೇ ವಿಡಿಯೋದಲ್ಲಿ ಕೂತು, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುವ ಕೆಲಸ. ಎರಡು ತಿಂಗಳು ಪರೀಕ್ಷೆಯ ಕಾಲ. ಅಷ್ಟರಲ್ಲಿ ಮೂರು ಸಲ ಮಾತಿನ ನಡುವೆ ಲೈನು ಕಡಿದರೆ ಹೆಸರು ತೆಗೆದುಹಾಕುತ್ತೇವೆ ಎಂದು ಅವರು ಮೊದಲೇ ಹೇಳಿದ್ದರು. ಕೆಳಗಿನ ಹಬ್ಬಿನ ವೈಫೈ ಮೇಲಿನ ಕೋಣೆಗೆ ಹತ್ತುವಷ್ಟರಲ್ಲಿ ಸತ್ತುಹೋಗುತ್ತಿತ್ತು. ನೀನು ಸ್ವಂತಕ್ಕೆ ಒಂದು ರೂಟರ್ ತಂದೆ, ಮೆಟ್ಟಿಲ ಗೋಡೆಯುದ್ದಕ್ಕೂ ನೀಲಿ ವೈರು ಎಳೆದೆ, ಪುಟ್ಟ ಪುಟ್ಟ ಮೊಳೆ ನೀನೇ ಹೊಡೆದೆ. ನನ್ನ ಮೈದುನ, ನಿನ್ನ ಗಂಡ, ಬಸ್ಸಿನ ಪಾಳಿ ಮುಗಿಸಿ ಬಂದು ನೋಡಿ, "ಹಂಗೇ ಬಸ್ಸು ಓಡ್ಸೋದೂ ಕಲ್ತುಬಿಡಮ್ಮ, ನಾನು ಮನೇಲಿ ಹಾಯಾಗಿ ಮಲಗ್ತೀನಿ" ಎಂದ. ನೀನು "ನಿಮ್ಮ ಬಸ್ಸಿಗೆ ಬ್ರೇಕ್ ಹಿಡಿಯಲ್ಲ, ನನ್ನ ರೂಟರೇ ವಾಸಿ" ಎಂದು ಅವನ ಬಾಯಿ ಮುಚ್ಚಿಸಿದೆ. ಎಷ್ಟು ನಕ್ಕೆವು ಆವತ್ತು.

ಆ ಭಾನುವಾರ ನೀನು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಹಜಾರದ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಹಬ್ಬಿನ ತಳದ ಚೀಟಿಯಲ್ಲಿದ್ದ ಅಂಕಿಗಳನ್ನು ನನ್ನಿಂದ ಓದಿಸಿದೆ. ಒಂದೊಂದೇ ಹೇಳಿಕೊಡುತ್ತಾ ಮಾಡಿದೆ. "ಅಕ್ಕ, ಈ ಪೆಟ್ಟಿಗೆ ಇಷ್ಟು ದಿನ ಎರಡು ಕೆಲಸ ಮಾಡ್ತಿತ್ತು. ಹೊರಗಿಂದ ತರೋದು, ಒಳಗೆ ಹಂಚೋದು. ತರೋದ್ರಲ್ಲಿ ಗಟ್ಟಿ, ಹಂಚೋದ್ರಲ್ಲಿ ಜುಗ್ಗ. ಈಗ ಮೋಡೆಮ್ ಮೋಡ್ ಅಂತ ಹಾಕಿದ್ರೆ ಬರೀ ತಂದುಕೊಡುತ್ತೆ. ಹಂಚೋ ಯಜಮಾನಿಕೆಯೆಲ್ಲ ಮೇಲಿರೋ ರೂಟರ್‌ದು." ಒತ್ತಿದೆ. ಬಿಳಿ ದೀಪ ಆರಿ, ಸ್ವಲ್ಪ ಹೊತ್ತು ಮಿಣಮಿಣ ಎಂದು, ನೇರಳೆ ದೀಪ ಹತ್ತಿತು. ನೀನು ಚಪ್ಪಾಳೆ ತಟ್ಟಿದೆ.

ನಾನೂ ತಟ್ಟಿದೆ. ಆದರೆ 'ಯಜಮಾನಿಕೆ' ಎನ್ನುವ ಮಾತು ನನ್ನ ಎದೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ನೀನು ಹೊಸ ವೈಫೈಗೆ 'ಮೇಲ್ಮನೆ' ಎಂದು ಹೆಸರಿಟ್ಟು, ಅದರ ಗುಟ್ಟಿನ ಅಕ್ಷರಗಳನ್ನು ಚೀಟಿಯಲ್ಲಿ ಬರೆದು, ನನ್ನ ಟೀವಿಗೂ ನನ್ನ ಫೋನಿಗೂ ನೀನೇ ಹಾಕಿಕೊಟ್ಟೆ. ನನ್ನ ಹಜಾರದಲ್ಲಿ, ನನ್ನ ಗಂಡ ಹಾಕಿಸಿದ ಪೆಟ್ಟಿಗೆ ಕಣ್ಣೆದುರಿಗೇ ಉರಿಯುತ್ತಿದ್ದರೂ ಅದು ನನಗೆ ಏನೂ ಕೊಡುವುದಿಲ್ಲ, ನಾನು ಮೇಲ್ಮನೆಯಿಂದ ಬೇಡಿ ತೆಗೆದುಕೊಳ್ಳಬೇಕು. ಹೀಗೆಲ್ಲ ಲೆಕ್ಕ ಹಾಕಿತು ನನ್ನ ಮನಸ್ಸು. ನಿನ್ನ ಮನಸ್ಸಿನಲ್ಲಿ ಅದರ ಸುಳಿವೂ ಇರಲಿಲ್ಲ ಎಂದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅಂದುಕೊಂಡೆ.

ಮಾರನೆಯ ದಿನದಿಂದ ನನ್ನ ಟೀವಿ ಕುಂಟತೊಡಗಿತು. ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ವೈಫೈ ಬಳಲುತ್ತಿತ್ತು ಎಂದು ಈಗ ತಿಳಿಯುತ್ತದೆ. ಗುರುಗಳು ಕೈಯೆತ್ತಿದರೆ ಎತ್ತಿದ ಹಾಗೇ ನಿಲ್ಲುವರು, ನಡುವೆ ಒಂದು ಚಕ್ರ ಗಿರಗಿರ ತಿರುಗುವುದು. ನಿನಗೆ ಒಂದು ಮಾತು ಹೇಳಿದ್ದರೆ ರೂಟರಿನಿಂದ ಇನ್ನೊಂದು ವೈರು ಕೆಳಕ್ಕೆ ಎಳೆದು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ಹೇಳಲಿಲ್ಲ. ನೀನೇ ಎರಡು ಸಲ ಕೇಳಿದೆ, "ಅಕ್ಕ, ಟೀವಿ ಚೆನ್ನಾಗಿ ಬರ್ತಿದ್ಯಾ?" "ಬರ್ತಿದೆಯಮ್ಮ" ಎಂದೆ. ಏನು ಬಿಗುಮಾನವೋ! ಐವತ್ತು ವರ್ಷ ಬದುಕಿ, ದಿನಾ ದೇವರಿಗೆ ಕೈ ಮುಗಿದು, ಕಡೆಗೆ ಒಂದು ವೈರು ಕೇಳುವುದಕ್ಕೆ ನಾಲಿಗೆ ಏಳಲಿಲ್ಲ.

ಒಂದು ಮಂಗಳವಾರ ಟೀವಿ ಪೂರ್ತಿ ನಿಂತಿತು. ಹಳೆಯ ಬ್ಯಾಟರಿ, ಬೀಗದ ಕೈ ತುಂಬಿದ ಡ್ರಾಯರಿನಲ್ಲಿ ಟೀವಿಯ ಜೊತೆ ಬಂದಿದ್ದ ಒಂದು ಗಿಡ್ಡ ವೈರಿತ್ತು. ಹಬ್ಬಿನ ಹಿಂದಿದ್ದ ನಿನ್ನ ನೀಲಿ ವೈರನ್ನು ಕಿತ್ತೆ, ಅದೇ ತೂತಿಗೆ ನನ್ನದನ್ನು ಚುಚ್ಚಿ ಟೀವಿಗೆ ಸೇರಿಸಿದೆ. ಏನೂ ಬರಲಿಲ್ಲ. ಏನೇ ಬದಲಾಯಿಸಿದರೂ ಪೆಟ್ಟಿಗೆಯನ್ನು ಒಂದು ನಿಮಿಷ ಆರಿಸಿ ಹಚ್ಚಬೇಕು ಎಂದು ನೀನು ಹೇಳಿದ್ದು ನೆನಪಾಯಿತು. ಗಡಿಯಾರ ನೋಡುವ ಅಭ್ಯಾಸ ನನಗಿಲ್ಲ, ಒಲೆಯ ಮೇಲಿನ ಅನ್ನಕ್ಕೂ ನಾಮ ಎಣಿಸುವವಳು. ಸ್ವಿಚ್ ಆರಿಸಿ, ಕಣ್ಣು ಮುಚ್ಚಿ ಇಪ್ಪತ್ತೊಂದು ನಾಮ ಹೇಳಿ, ಮತ್ತೆ ಹಾಕಿದೆ. ಟೀವಿ ಬಂತು. ಎಂಥಾ ಚಂದ ಬಂತು ಅಂತೀಯಾ! ನಾನೇ ಜೋಡಿಸಿದೆ ಎಂದು ಒಂದು ಹೆಮ್ಮೆ ಬೇರೆ. ಪ್ರವಚನ ಮುಗಿದ ಮೇಲೆ ನನ್ನದನ್ನು ತೆಗೆದು ನೀಲಿ ವೈರನ್ನು ಇದ್ದಲ್ಲೇ ಚುಚ್ಚಿದೆ. ಎರವಲು ತಂದ ಪಾತ್ರೆ ತೊಳೆದು ಹಿಂದಕ್ಕೆ ಕೊಟ್ಟ ಹಾಗೆ, ಲೆಕ್ಕ ಚುಕ್ತಾ ಎಂದುಕೊಂಡೆ.

ಹತ್ತೂಕಾಲಿಗೆ ನೀನು ಬರಿಗಾಲಲ್ಲಿ ಮೆಟ್ಟಿಲು ಇಳಿದು ಓಡಿ ಬಂದೆ. "ಅಕ್ಕ, ಮೇಲೆ ಲೈನೇ ಇಲ್ಲ! ಹತ್ತಕ್ಕೆ ಒಬ್ಬ ರೋಗಿ ಇದ್ರು, ಫೋನಿನ ನೆಟ್‌ನಲ್ಲಿ ಹೇಗೋ ಶುರು ಮಾಡಿದೆ, ನಡುವೆ ಕಡಿದುಹೋಯ್ತು. ರೂಟರ್‌ನ ನಾಲ್ಕು ಸಲ ಆರಿಸಿ ಹಾಕಿದೆ. ಇಲ್ಲೇನಾದ್ರೂ ಆಯ್ತಾ?" ಬಾಯಿಂದ ಬಂದದ್ದು, "ನಾನೇನೂ ಮುಟ್ಟಿಲ್ಲಮ್ಮ." ಹೆದರಿಕೆಗೆ ಬಂದ ಸುಳ್ಳು ಅದು, ಯೋಚನೆ ಮಾಡಿ ಹೇಳಿದ್ದಲ್ಲ. ನೀನು ಈ ಪೆಟ್ಟಿಗೆಯನ್ನೇ ಆರಿಸಿ ಹಾಕಿದೆ, ಲೈನು ಬಂತು. "ಅಯ್ಯೋ, ಇದನ್ನೇ ಆರಿಸಿ ಹಾಕ್ಬೇಕಿತ್ತು ನೋಡಿ" ಎಂದು ಹಣೆ ಚಚ್ಚಿಕೊಂಡು ಮೇಲೆ ಓಡಿದೆ. ಅದು ಮೊದಲನೆಯದು.

ಆವತ್ತಿಗೆ ನಿಲ್ಲಿಸಿದ್ದರೆ ಈ ಕಾಗದಕ್ಕೆ ಕಾರಣವಿರುತ್ತಿರಲಿಲ್ಲ. ನಾನು ನಿಲ್ಲಿಸಲಿಲ್ಲ. ನಿನ್ನ ಕೆಲಸ ಹತ್ತಕ್ಕೆ ಶುರು, ಪ್ರವಚನ ಹತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಮುಗಿಯುತ್ತದೆ, ಮುಗಿದ ಮೇಲೆ ನೀಲಿ ವೈರು ಚುಚ್ಚಿ ಇನ್ನೊಮ್ಮೆ ಆರಿಸಿ ಹಾಕಿದರೆ ಯಾರಿಗೇನು ನಷ್ಟ ಎಂದುಕೊಂಡೆ. ದಿನಾ ಮಾಡಿದೆ. ನಿನ್ನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸುತ್ತದೇನೋ ಎಂದು ಒಂದು ಕಿವಿ ಅತ್ತ ಇಟ್ಟುಕೊಂಡೇ ದೇವರ ಮಾತು ಕೇಳಿದೆ. ಒಂದು ದಿನ ಪಕ್ಕದ ಮನೆಯ ದರ್ಜಿಯವನ ಹೆಂಡತಿ ರವಿಕೆ ಅಳತೆಗೆ ಕರೆದಳು, ವೈರು ಚುಚ್ಚಿ ಹೊರಟೆ, ಆರಿಸಿ ಹಾಕುವುದು ಮರೆತೆ. ಅದು ಎರಡನೆಯದು. ನೀನು ಆವತ್ತು ಸಂಜೆ ರೂಟರಿನ ಜೊತೆ ಬಂದ ಪುಸ್ತಕ ಹಿಡಿದು ಕೂತಿದ್ದೆ, ಕಣ್ಣು ಕೆಂಪಾಗಿತ್ತು. "ಎಲ್ಲೋ ನಾನೇ ತಪ್ಪು ಮಾಡಿದ್ದೀನಿ ಅಕ್ಕ. ಎಲ್ಲಿ ಅಂತ ಗೊತ್ತಾಗ್ತಿಲ್ಲ." ನಾನು ನಿನ್ನ ತಲೆ ಸವರಿದೆ. ಈ ಕೈಯಿಂದಲೇ.

ಮೂರನೆಯದು ಬರೆಯುವಾಗ ಪೆನ್ನು ನಿಲ್ಲುತ್ತದೆ. ಆದರೂ ಬರೆಯುತ್ತೇನೆ.

ಆ ವಾರದಿಂದ ನಿನ್ನ ಕೆಲಸ ಒಂಬತ್ತಕ್ಕೇ ಶುರು ಎಂದು ನೀನು ಹೇಳಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ, ನಾನು ಕೇಳಿಸಿಕೊಂಡು "ಸರಿಯಮ್ಮ" ಎಂದೆ. ಕೇಳಿಸಲಿಲ್ಲ, ಮರೆತೆ ಎಂದು ಹೇಳುವ ಹಾಗಿಲ್ಲ. ಎರಡು ದಿನ ಕೈ ಕಟ್ಟಿಕೊಂಡು ಕೂತೆ, ಕುಂಟುವ ಟೀವಿಯನ್ನೇ ನೋಡಿದೆ. ಮೂರನೆಯ ದಿನ ನಿನ್ನ ಭಾವನವರು ಹೋದ ದಿನ. ಆವತ್ತು ಪ್ರವಚನದ ಕೊನೆಗೆ ಗುರುಗಳು ಅವರ ಹೆಸರು ಓದಿ ಪ್ರಾರ್ಥನೆ ಮಾಡುವುದಿತ್ತು, ನಾನೇ ಬರೆದು ಕಳಿಸಿದ್ದೆ. ಅವರ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು ತಂಗಿ. ಆ ಹೆಸರು ಬರುವಾಗ ಚಕ್ರ ತಿರುಗಿಬಿಟ್ಟರೆ? ಹತ್ತೇ ನಿಮಿಷ ಎಂದುಕೊಂಡೆ. ನೀನು ಮೇಲೆ ಮಾತಾಡುತ್ತಿದ್ದೆ. ದನಿ ಕೇಳಿಸುತ್ತಿತ್ತು. ಯಾರಿಗೋ ಧೈರ್ಯ ಹೇಳುತ್ತಿದ್ದೆ, "ಹೇಳಿ ಅಜ್ಜಿ, ನಿಧಾನಕ್ಕೆ ಹೇಳಿ, ನಾನಿದ್ದೀನಿ" ಎಂದು. ಅದನ್ನು ಕೇಳಿಸಿಕೊಂಡೇ ಕಿತ್ತೆ. ಕಿತ್ತು, ಆರಿಸಿ, ಇಪ್ಪತ್ತೊಂದು ನಾಮ ಹೇಳಿದೆ. ದೇವರ ನಾಮ ಎಣಿಸಿಕೊಂಡು ನಿನ್ನ ಲೈನು ಕಡಿದೆ.

ಅವರ ಹೆಸರು ಬಂತು. ಸ್ಪಷ್ಟವಾಗಿ ಬಂತು. ನಾನು ಕೈ ಮುಗಿದು ಅತ್ತೆ. ಮೇಲೆ ನೀನು ಕೋಣೆಯಿಂದ ಕೋಣೆಗೆ ಓಡಾಡುವ ಸದ್ದು ಕೇಳುತ್ತಿತ್ತು. ನೀನು ಇಳಿದು ಬರುವಷ್ಟರಲ್ಲಿ ನೀಲಿ ವೈರನ್ನು ಮತ್ತೆ ಚುಚ್ಚಿಟ್ಟಿದ್ದೆ. ಆವತ್ತು ಗುರುಗಳು ಏನು ಹೇಳಿದರು ಎಂದು ನನಗೆ ಒಂದು ಮಾತೂ ನೆನಪಿಲ್ಲ.

ಅವತ್ತು ಮಧ್ಯಾಹ್ನ ನೀನು ನನ್ನ ಹಜಾರದಲ್ಲಿ ಕೂತು ಹೇಳಿದ್ದು ಮಾತ್ರ ಅಕ್ಷರಕ್ಕಕ್ಷರ ನೆನಪಿದೆ. "ಆ ಅಜ್ಜಿ 'ನೋವು ಹೊಟ್ಟೇಲಲ್ಲ ಕಣಮ್ಮ, ಎಡಗಡೆ...' ಅಂದ್ರು ಅಕ್ಕ. ಅಷ್ಟೇ. ಚಿತ್ರ ನಿಂತುಹೋಯ್ತು. ಅವರ ಬಾಯಿ ತೆರೆದ ಹಾಗೇ ನಿಂತುಬಿಡ್ತು. ಆಮೇಲೆ ಏನಾಯ್ತೋ, ಬೇರೆ ಯಾರಾದ್ರೂ ಸಿಕ್ರೋ ಇಲ್ವೋ, ಕೇಳೋಕೂ ನನಗೆ ಹಕ್ಕಿಲ್ಲ ಈಗ." ಸಂಜೆಗೆ ಕೆಲಸ ಕೊಟ್ಟವರ ಪತ್ರ ಬಂತು, ಮೂರು ಸಲವಾಯಿತು, ಹೆಸರು ತೆಗೆದಿದ್ದೇವೆ ಎಂದು. ಆ ಅಜ್ಜಿಯ ಎಡಗಡೆ ಏನಿತ್ತೋ ನನಗೂ ತಿಳಿಯದು. ದಿನಾ ಅವರಿಗಾಗಿ ದೀಪದ ಮುಂದೆ ಕೇಳಿಕೊಳ್ಳುತ್ತೇನೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಎಡಗಡೆ ನೋವಿದ್ದ ಅಜ್ಜಿ ಎಂದೇ ಹೇಳುತ್ತೇನೆ.

ಮರುದಿನ ಕೇಬಲ್ ಕಂಪನಿಯವರು ಬಂದರಲ್ಲ, ಆ ನರೆತ ಮೀಸೆಯವರು, ನಮ್ಮ ಭಾಷೆಯವರೇ. ಅವರು ಬರುವ ಮೊದಲೇ ನನ್ನ ಗಿಡ್ಡ ವೈರನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಹಾಕಿದ್ದೆ. ಅವರು ಎಲ್ಲ ನೋಡಿದರು, ಏನೂ ಕೆಟ್ಟಿರಲಿಲ್ಲ. "ಜೋಡಣೆ ಸರಿಯಾಗೇ ಕಾಣ್ತಿದೆ. ಆದ್ರೆ ಒಂದು ಮಾತು. ಮೋಡೆಮ್ ಮೋಡಲ್ಲಿ ಈ ಪೆಟ್ಟಿಗೆ ಒಬ್ರಿಗೇ ಕೊಡೋದು. ಎದ್ದ ತಕ್ಷಣ ಯಾರು ಸಿಕ್ಕಿದ್ರೋ ಅವರನ್ನೇ ಹಿಡ್ಕೊಳ್ಳುತ್ತೆ. ಆಮೇಲೆ ಬೇರೆಯವರು ಬಂದು ಎಷ್ಟು ಬಾಗಿಲು ತಟ್ಟಿದ್ರೂ ಅದಕ್ಕೆ ಕಿವಿ ಕೇಳ್ಸಲ್ಲ, ಮತ್ತೆ ಆರಿಸಿ ಹಾಕೋವರೆಗೆ. ಇದಕ್ಕೆ ಬೇರೆ ಏನಾದ್ರೂ ಚುಚ್ಚಿದ್ರಾ ಯಾರಾದ್ರೂ?" ಎಂದರು. ನಿನ್ನ ಗಂಡ ನನ್ನ ಕಡೆ ತಿರುಗಿ, "ಅತ್ತಿಗೆ, ನೀವೇನಾದ್ರೂ..." ಎಂದು ಬಾಯಿ ತೆಗೆದ. ನಾನು ಹೇಳಿಬಿಡುತ್ತಿದ್ದೆ. ಇಲ್ಲ, ಅದೂ ಸುಳ್ಳಿರಬಹುದು, ಹೇಳುತ್ತಿದ್ದೆನೋ ಇಲ್ಲವೋ. ಅಷ್ಟರಲ್ಲಿ ನೀನು ಅವನ ಮೇಲೆ ಹರಿಹಾಯ್ದೆ. "ಅಕ್ಕನ್ನ ಯಾಕೆ ಕೇಳ್ತೀರಾ? ಅವರು ಮುಟ್ಟಿಲ್ಲ ಅಂದಿದ್ದಾರೆ. ಎರಡು ಹೊತ್ತೂ ದೇವರ ಮುಂದೆ ಕೂರೋರು, ಅವರ ಬಾಯಲ್ಲಿ ಸುಳ್ಳು ಬರುತ್ತಾ?"

ಆ ಮಾತಿಗೆ ನಾನು ತಲೆ ತಗ್ಗಿಸಿ ನಿಂತೆ. ನೀವೆಲ್ಲ ಅದನ್ನು ವಿನಯ ಎಂದುಕೊಂಡಿರಿ. ನನ್ನ ಭಕ್ತಿಯನ್ನು ಎದುರಿಗೆ ಹಿಡಿದು ನೀನು ನನ್ನನ್ನು ಕಾಪಾಡಿದೆ, ನಾನು ಅದರ ಹಿಂದೆ ಕಳ್ಳಿಯ ಹಾಗೆ ಅವಿತುಕೊಂಡೆ. ನಿನ್ನ ಗಂಡ, "ಅಂಗಡಿಯವರು ಮಾಡೋ ಕೆಲ್ಸಕ್ಕೆ ಇವಳು ಕೈ ಹಾಕಿದ್ರೆ ಹಿಂಗೇ ಆಗೋದು" ಎಂದ. ಆಗಲಾದರೂ ಸುಮ್ಮನಿದ್ದೆನಾ? ಇಲ್ಲ. "ಹೂಂ ಕಣಮ್ಮ, ನಮಗ್ಯಾಕೆ ಇವೆಲ್ಲ, ಮೊದಲು ಹೇಗಿತ್ತೋ ಹಾಗೇ ಇರ್ಲಿ ಬಿಡು" ಎಂದು ನಾನೂ ಒಂದು ಮಾತು ಸೇರಿಸಿದೆ. ವೈರು ಕಿತ್ತದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಡುತ್ತದೆ. ಕಿತ್ತದ್ದು ಆಸೆಗೆ. ಇದು ನಿನ್ನ ಕೈ ಮೇಲೆ ನಿನಗಿದ್ದ ನಂಬಿಕೆಯನ್ನೇ ಮುರಿದದ್ದು.

ಅವರು ಮೋಡೆಮ್ ಮೋಡ್ ತೆಗೆದರು. ಬಿಳಿ ದೀಪ ಬಂತು. ನಿನ್ನ ರೂಟರ್ ಅದರ ಡಬ್ಬಿಗೆ ಹೋಗಿ ಅಲಮಾರಿಯ ಮೇಲೆ ಕೂತಿತು. ನನ್ನ ಟೀವಿ ಚಕ್ರ ತಿರುಗದೆ ಬರತೊಡಗಿತು. ನೀನು ಬ್ರೆಡ್ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದೆ. ನಸುಕಿಗೇ ಹೋಗಿ, ನಿಂತು ನಿಂತು ಕಾಲು ಊದಿಸಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ಬರುತ್ತೀಯ, ಬರುವಾಗ ಮುರಿದ ಬ್ರೆಡ್ಡು ತಂದು "ಅಕ್ಕ, ಇದು ನಿಮಗೆ" ಎಂದು ನನ್ನ ಮೇಜಿನ ಮೇಲಿಡುತ್ತೀಯ. ಎರಡು ಭಾಷೆಯಲ್ಲಿ ನೋವಿಗೂ ಉರಿಗೂ ಸೆಳೆತಕ್ಕೂ ಬೇರೆ ಬೇರೆ ಮಾತು ಗೊತ್ತಿರುವ ಹುಡುಗಿ, ಪಾಳಿಯುದ್ದಕ್ಕೂ ಯಾರೊಡನೆಯೂ ಮಾತಿಲ್ಲದೆ ಪೊಟ್ಟಣ ಕಟ್ಟುತ್ತಾಳೆ. ಆ ಬ್ರೆಡ್ಡನ್ನು ನಾನು ಹೇಗೆ ನುಂಗಿದೆನೋ ದೇವರಿಗೇ ಗೊತ್ತು.

ದೇವರಿಗೆ ಹೇಳಿಕೊಳ್ಳಲಿಲ್ಲವೇ ಎಂದರೆ, ಹೇಳಿಕೊಂಡೆ, ನೂರು ಸಲ. ಮೊದಲಿಗಿಂತ ಹೆಚ್ಚು ಹೊತ್ತು ಕೂತೆ. ನೀನು ಅದನ್ನೂ ನೋಡಿ "ಅಕ್ಕನ ಭಕ್ತಿ ಜಾಸ್ತಿಯಾಗ್ತಿದೆ" ಎಂದು ಸಂತೋಷಪಟ್ಟೆ. ದೇವರಿಗೆ ಹೇಳುವುದು ಸುಲಭ. ಅವನು ಕಾರ್ಖಾನೆಯಿಂದ ಊದಿದ ಕಾಲಲ್ಲಿ ಬಂದು ನನ್ನ ಎದುರು ನಿಲ್ಲುವುದಿಲ್ಲ. ಕ್ಷಮೆಯನ್ನು ಕೊಡಬೇಕಾದವಳು ಮೇಲಿನ ಮನೆಯಲ್ಲಿದ್ದಾಳೆ, ನಾನು ಕೆಳಗೆ ಕೂತು ಬೇರೆ ಬಾಗಿಲು ಬಡಿಯುತ್ತಿದ್ದೆ.

ನಿನ್ನೆ ನೀನು ಕೆಲಸಕ್ಕೆ ಹೋದ ಮೇಲೆ ನಿನ್ನ ಮನೆಗೆ ಹೋಗಿ, ಕುರ್ಚಿ ಹತ್ತಿ ಆ ಡಬ್ಬಿ ಇಳಿಸಿದೆ. ಕೇಳದೆ ಮುಟ್ಟಿದೆ, ಇದೂ ಒಂದು ತಪ್ಪು, ಬರೆದುಕೊ. ಡಬ್ಬಿಯೊಳಗೆ ನಿನ್ನ ಅಕ್ಷರದಲ್ಲಿ ಒಂದು ಹಾಳೆ ಇತ್ತು. ಯಾವುದು ಮೊದಲು, ಯಾವುದು ಆಮೇಲೆ, ಯಾವ ತೂತು, ಎಲ್ಲ ಕನ್ನಡದಲ್ಲಿ. ಮೇಲೆ 'ಅಕ್ಕನಿಗೆ, ನಾನು ಮನೆಯಲ್ಲಿ ಇಲ್ಲದಾಗ ಕೆಟ್ಟರೆ' ಎಂದು ಬರೆದಿದ್ದೆ. ಕೊಡುವ ಮೊದಲೇ ಎಲ್ಲ ಮುಗಿದುಹೋಗಿತ್ತು ಅಂತ ಕಾಣುತ್ತದೆ. ಹಾಳೆ ಹಿಡಿದು ಕೆಳಗೆ ಪೆಟ್ಟಿಗೆಯ ಹತ್ತಿರ ಬಂದೆ.

ಆಮೇಲೆ ಮಾಡಿದೆ. ನಗಬೇಡ. ಕನ್ನಡಕ ಹಾಕಿಕೊಂಡು, ನೀನು ಬರೆದ ಅಂಕಿಗಳನ್ನು ಫೋನಿನಲ್ಲಿ ಒಂದೊಂದೇ ಒತ್ತಿದೆ. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಹಬ್ಬಿನ ಪುಟ ತೆರೆಯಿತು. ಚೀಟಿಯ ಗುಟ್ಟಕ್ಷರ ಹಾಕಿದೆ, ನೀನು ಚಿತ್ರ ಬರೆದು ತೋರಿಸಿದ್ದ ಕಡೆ ಮೋಡೆಮ್ ಮೋಡ್ ಒತ್ತಿದೆ. ಬಿಳಿ ದೀಪ ಹೋಯಿತು, ನೇರಳೆ ಬಂತು. ಪೆಟ್ಟಿಗೆ ಆರಿಸಿ, ನೀಲಿ ವೈರಿನ ಈ ತುದಿ ಇದಕ್ಕೆ, ಆ ತುದಿ ಮೇಲೆ ರೂಟರಿನ ಬೇರೆ ಬಣ್ಣದ ತೂತಿಗೆ. ಮೊದಲು ಹಬ್ ಹಚ್ಚು, ದೀಪ ನಿಲ್ಲುವವರೆಗೆ ಕಾಯಿ, ಆಮೇಲೆ ರೂಟರ್ ಹಚ್ಚು ಎಂದು ನೀನು ಬರೆದಿದ್ದೆ. ಈ ಸಲ ನಾಮ ಎಣಿಸಲಿಲ್ಲ, ಗಡಿಯಾರ ನೋಡಿದೆ. ಐದು ನಿಮಿಷಕ್ಕೆ ನನ್ನ ಫೋನಿನಲ್ಲಿ 'ಮೇಲ್ಮನೆ' ಎಂದು ಮೂಡಿತು. ಆ ಹೆಸರು ನೋಡಿ ಇಷ್ಟು ಸಮಾಧಾನವಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಏಳನೇ ತರಗತಿಯವಳು, ನಿನ್ನ ಹಾಳೆ ಹಿಡಿದು ಮಾಡಿದೆ, ಅಂಕಿ ಒತ್ತುವಾಗ ನನ್ನ ಬೆರಳು ತಪ್ಪಿದ್ದು ಬಿಟ್ಟರೆ ಒಂದೇ ಸಲಕ್ಕೆ ಬಂತು. ನಿನ್ನ ಬರಹದಲ್ಲಿ ಒಂದು ತಪ್ಪೂ ಇರಲಿಲ್ಲ. ನಿನ್ನ ಕೈಯಲ್ಲಿ ಯಾವತ್ತೂ ತಪ್ಪಿರಲಿಲ್ಲ. ನಿನ್ನೆ ಬೆಳಗ್ಗೆ ಹನ್ನೊಂದರಿಂದ ಅದು ಒಂದು ಸಲವೂ ಕಡಿಯದೆ ನಡೆಯುತ್ತಿದೆ, ಏಕೆಂದರೆ ನಾನು ಮುಟ್ಟಿಲ್ಲ. ನೀವಿಬ್ಬರೂ ಅದರಲ್ಲೇ ಫೋನು ನೋಡಿದಿರಿ, ನಿಮ್ಮ ಅರಿವಿಗೇ ಬಂದಿಲ್ಲ. ನನ್ನ ಗಿಡ್ಡ ವೈರನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿ ಕಸಕ್ಕೆ ಹಾಕಿದೆ. ಟೀವಿ ಬಂದರೆ ಬರಲಿ, ಇಲ್ಲದಿದ್ದರೆ ಇಲ್ಲ.

ನಿನ್ನ ಗಂಡನಿಗೆ ಇವತ್ತು ಬೆಳಗ್ಗೆ ಹೇಳಿದೆ. ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ಎಲ್ಲ ಕೇಳಿ, ಲೇಸು ಹಾಗೇ ಬಿಟ್ಟು ನನ್ನನ್ನೇ ನೋಡಿದ. "ಐದು ತಿಂಗಳಿಂದ ಅವಳಿಗೆ ಅಂಗಡಿಯವರ ಕೆಲ್ಸ, ಅಂಗಡಿಯವರ ಕೆಲ್ಸ ಅಂತ ಚುಚ್ತಾ ಇದ್ದೀನಿ ಅತ್ತಿಗೆ. ನೀವು ಪಕ್ಕದಲ್ಲೇ ಕೂತು ಕೇಳ್ತಿದ್ರಿ" ಎಂದ. ಹೌದು ಎಂದೆ. "ಅವಳಿಗೆ ನೀವೇ ಹೇಳಿ. ನಾನು ಹೇಳಲ್ಲ" ಎಂದು, ಊಟದ ಡಬ್ಬಿಯನ್ನೂ ತೆಗೆದುಕೊಳ್ಳದೆ ಹೊರಟುಹೋದ. ನನ್ನ ಮೈದುನ ನನಗೆ ಎದುರಾಡಿದ್ದು ಇದೇ ಮೊದಲು. ಸರಿಯಾಗೇ ಆಡಿದ.

ನೀನು ಎರಡಕ್ಕೆ ಬಂದಾಗ ಇದನ್ನು ನಿನ್ನ ಕೈಗೇ ಕೊಡುತ್ತೇನೆ. ಓದು. ನನ್ನನ್ನು ಕ್ಷಮಿಸು ಎಂದು ಕೇಳುವುದಕ್ಕೆ ಇದನ್ನು ಬರೆದಿಲ್ಲ. ಕ್ಷಮೆಗೆ ಅವಸರವಿಲ್ಲ, ಬಾರದಿದ್ದರೂ ನಾನು ಕೇಳುವ ಹಾಗಿಲ್ಲ. ಅವಸರ ಇರುವುದು ಶುಕ್ರವಾರಕ್ಕೆ. ಆ ಮೇಡಂಗೆ ಕರೆ ಮಾಡು, ಹೂಂ ಅನ್ನು. ಮೊದಲು ಯಾಕೆ ಮೂರು ಸಲ ಕಡಿಯಿತು ಎಂದು ಅವರು ಕೇಳಿದರೆ ಫೋನನ್ನು ನನಗೆ ಕೊಡು. ಅವರ ಭಾಷೆ ನನಗೆ ಬಾರದು. ನಾನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ, ನೀನು ಪಕ್ಕದಲ್ಲಿ ನಿಂತು ಅವರಿಗೆ ದಾಟಿಸು. ನನ್ನ ಮೇಲೆ ಕರುಣೆ ಬಂದು ಒಂದು ಮಾತನ್ನೂ ಮೆತ್ತಗೆ ಮಾಡಬೇಡ. ನಾನು ಹೇಳಿದ್ದನ್ನು ಹೇಳಿದ ಹಾಗೇ ಹೇಳು.

ನಿನ್ನ ಮಾತು ನೋವಿನಲ್ಲಿರುವವರಿಗೆ ಮುಟ್ಟಲಿ, ನಿನ್ನ ಕೈ ಹಿಡಿದ ಕೆಲಸ ಉಳಿಯಲಿ ಎಂದು ದೇವರನ್ನು ಕೇಳಿಕೊಳ್ಳುತ್ತೇನೆ. ಇದು ನನ್ನ ಆಶೀರ್ವಾದ ಅಲ್ಲ, ಅದಕ್ಕೆ ನನ್ನ ಕೈ ಈಗ ಸಣ್ಣದು. ಅವನದೇ ನಿನಗೆ ನೇರವಾಗಿ ಬರಲಿ, ನಡುವೆ ನಾನು ಬೇಡ.

ಕೆಳಗಿನ ಮನೆಯಿಂದ, ನೀನು ಇನ್ನೂ ಹಾಗೆ ಕರೆಯುವುದಾದರೆ,
ನಿನ್ನ ಅಕ್ಕ